ಕೆಲಸವಿಲ್ಲದ ಕೋಣೆಯ ಹಾಜರಿ

ಅವರ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿತ್ತು. ದಿನಕ್ಕೆರಡು ಸಲ ಅದನ್ನು ಓದುತ್ತಿದ್ದವಳು ನಾನು. ಆದರೆ ಕಾರ್ಖಾನೆಯಲ್ಲಿ ಯಾರನ್ನು ಕೇಳಿದರೂ ಅವರು ಮುಳ್ಳಣ್ಣ. ತಕ್ಕಡಿಯ ಮುಳ್ಳು ಅಲ್ಲಾಡುವುದು ನಿಲ್ಲುವ ತನಕ ಬಾಯಿ ಬಿಡದ ಮನುಷ್ಯ ಎಂದು ಯಾರೋ ತಮಾಷೆಗೆ ಇಟ್ಟ ಹೆಸರು, ಇಪ್ಪತ್ತೇಳು ವರ್ಷ ಅಂಟಿಕೊಂಡೇ ಉಳಿಯಿತು. "ಊಟ ಆಯ್ತಾ ಮುಳ್ಳಣ್ಣ?" ಎಂದು ಕೇಳಿದರೂ ಅಷ್ಟೇ, ಒಂದು ಗಳಿಗೆ ಸುಮ್ಮನಿದ್ದು ಆಮೇಲೆ "ಆಯ್ತು" ಅನ್ನುವವರು. ಅಷ್ಟರಲ್ಲಿ ಕೇಳಿದವರು ಕೈ ತೊಳೆದುಕೊಂಡು ಬಂದಿರುತ್ತಿದ್ದರು.

ನಮ್ಮದು ತಕ್ಕಡಿ ಮಾಡುವ ಕಾರ್ಖಾನೆ. ತಯಾರಾದ ಪ್ರತಿ ತಕ್ಕಡಿಯೂ ಕೊನೆಗೆ ಮುಳ್ಳಣ್ಣನ ಮೇಜಿಗೆ ಬರಬೇಕು. ಎರಡೂ ತಟ್ಟೆ ಖಾಲಿ ಇಟ್ಟು ಮುಳ್ಳು ನೆಟ್ಟಗೆ ನಿಲ್ಲುತ್ತದೆಯೇ ನೋಡುವುದು, ನಿಲ್ಲದಿದ್ದರೆ ಹಗುರವಾದ ತಟ್ಟೆಯ ಅಡಿಯಲ್ಲಿರುವ ಗುಳಿಯೊಳಗೆ ಸೀಸದ ಚೂರು ಹಾಕುವುದು, ಭಾರವಾದ ಕಡೆ ಅರದಿಂದ ಒಂದೆರಡು ಸಲ ಉಜ್ಜುವುದು, ಮತ್ತೆ ಕಾಯುವುದು. ಉಸಿರು ತಾಗಿದರೂ ಮುಳ್ಳು ಅಲ್ಲಾಡುತ್ತದೆ. ಅದಕ್ಕೇ ಉಸಿರು ಬಿಗಿಹಿಡಿದು ಕೂರುತ್ತಿದ್ದರು. ಅವರ ಮೇಜಿನ ಹತ್ತಿರ ಫ್ಯಾನ್ ಹಾಕುವಂತಿರಲಿಲ್ಲ, ಬಿರುಸಾಗಿ ನಡೆಯುವಂತಿರಲಿಲ್ಲ, ಸೀನುವುದಂತೂ ಮಹಾಪರಾಧ.

ಅವರ ಹೆಂಡತಿ ಅವರನ್ನು ತರಕಾರಿಗೆ ಕಳಿಸುತ್ತಿರಲಿಲ್ಲ. ಕಳಿಸಿದರೆ ತರಕಾರಿ ಬಿಟ್ಟು ತರಕಾರಿಯವನ ತಕ್ಕಡಿ ನೋಡುತ್ತಾ ನಿಲ್ಲುತ್ತಿದ್ದರು. ಒಮ್ಮೆ "ಇದು ಬಲಕ್ಕೆ ವಾಲ್ತಿದೆ, ಕೊಡಿ ಇಲ್ಲಿ, ಪುಕ್ಕಟೆ ಸರಿ ಮಾಡಿಕೊಡ್ತೀನಿ" ಎಂದು ಅಲ್ಲೇ ಕುಕ್ಕರಗಾಲಲ್ಲಿ ಕೂತು ಸರಿಮಾಡಿ, ದೊಡ್ಡ ಉಪಕಾರ ಮಾಡಿದ ಖುಷಿಯಲ್ಲಿ ಮನೆಗೆ ಬಂದರು. ಅಂದಿನಿಂದ ಆ ತರಕಾರಿಯವ ಇವರ ಮುಖ ಕಂಡರೆ ಗೋಣಿಚೀಲದ ಹಿಂದೆ ಬಗ್ಗುತ್ತಿದ್ದನಂತೆ. ಅವನಿಗೆ ತನ್ನಿಂದ ಏನು ಕಷ್ಟವಾಯಿತೆಂದು ಮುಳ್ಳಣ್ಣನಿಗೆ ಕೊನೆಗೂ ಹೊಳೆಯಲಿಲ್ಲ.

ಆಮೇಲೆ ಎಲೆಕ್ಟ್ರಾನಿಕ್ ತಕ್ಕಡಿ ಬಂತು. ಅಂಕಿ ತಾನೇ ಮೂಡುತ್ತದೆ. ಮುಳ್ಳೂ ಬೇಡ, ಮುಳ್ಳಣ್ಣನೂ ಬೇಡ. ಹಳೆಯ ವಿಭಾಗದಲ್ಲಿ ಆರು ಜನ ಉಳಿದರು.

ಇಲ್ಲಿ ಕಾನೂನಿನ ಮಾತು ಸ್ವಲ್ಪ ಹೇಳಬೇಕು, ಬೇಜಾರು ಮಾಡಿಕೊಳ್ಳಬೇಡಿ. ಕೆಲಸ ಕಡಿಮೆಯಾಯಿತೆಂದು ಕಂಪನಿಯೇ ಆಳನ್ನು ತೆಗೆದರೆ ತಿಂಗಳು ಮುಂಚೆ ನೋಟಿಸು ಕೊಡಬೇಕು, ದುಡಿದ ಪ್ರತಿ ವರ್ಷಕ್ಕೂ ಲೆಕ್ಕ ಹಾಕಿ ಪರಿಹಾರ ಕೊಡಬೇಕು, ಮುಂದೆ ಮತ್ತೆ ಆಳು ಬೇಕಾದರೆ ಅವರನ್ನೇ ಮೊದಲು ಕರೆಯಬೇಕು. ಆಳು ತಾನಾಗಿ ರಾಜೀನಾಮೆ ಬರೆದುಕೊಟ್ಟು ಹೋದರೆ ಇದ್ಯಾವುದೂ ಇಲ್ಲ. ತಪ್ಪು ಮಾಡಿ ವಜಾ ಆದರೂ ಇಲ್ಲ. ಇದೆಲ್ಲ ನನಗೆ ಬಾಯಿಪಾಠ. ಆ ಕಾಗದಗಳನ್ನೆಲ್ಲ ಟೈಪ್ ಮಾಡುವ ಗುಮಾಸ್ತೆ ನಾನೇ.

ನಮ್ಮ ಮ್ಯಾನೇಜರನಿಗೂ ಇದೆಲ್ಲ ಗೊತ್ತಿತ್ತು. ಅವನನ್ನು ನಾನಿಲ್ಲಿ "ಅವರು" ಎಂದು ಬರೆಯುವುದಿಲ್ಲ. ಮುಖದೆದುರು ಒಂಬತ್ತು ವರ್ಷ ಅಂದದ್ದಾಯಿತು, ಸಾಕು. ಅವನು ಆರು ಜನರನ್ನು ತೆಗೆಯಲಿಲ್ಲ. ಕೆಲಸದಲ್ಲೇ ಇಟ್ಟುಕೊಂಡ, ಕೆಲಸ ಕೊಡಲಿಲ್ಲ ಅಷ್ಟೇ. ಹಿಂಭಾಗದ ಬಿಡಿಭಾಗಗಳ ಕೋಣೆಯನ್ನು ಖಾಲಿ ಮಾಡಿಸಿ, ಆರು ಕುರ್ಚಿ ಹಾಕಿಸಿ, "ಹೊಸ ಕೆಲಸ ಹಂಚುವವರೆಗೆ ಇಲ್ಲಿ ಕೂತಿರಿ" ಅಂದ.

ಆ ಕೋಣೆಗೆ ಒಂದೇ ಕಿಟಕಿ. ಕಿಟಕಿಯ ಆಚೆ ಎರಡು ಮೊಳ ದೂರದಲ್ಲಿ ಗೋಡೆ. ಗೋಡೆಯ ಮೇಲೆ ಒಂದು ನೀರಿನ ಪೈಪು. ಬಾಗಿಲ ಪಕ್ಕ ನಾನೇ ಟೈಪ್ ಮಾಡಿ ಅಂಟಿಸಿದ ನಿಯಮಗಳು: ಪೇಪರ್ ಓದಬಾರದು, ಮೊಬೈಲ್ ನೋಡಬಾರದು, ನಿದ್ದೆ ಮಾಡಬಾರದು, ಸಲಕರಣೆ ತರಬಾರದು, ಅಪ್ಪಣೆಯಿಲ್ಲದೆ ಹೊರಗೆ ಹೋಗಬಾರದು. ಬೆಳಿಗ್ಗೆ ಎಂಟಕ್ಕೆ ಸಹಿ, ಸಂಜೆ ಐದಕ್ಕೆ ಸಹಿ, ಒಂದು ತಪ್ಪಿದರೂ ಆ ದಿನ ಗೈರುಹಾಜರಿ. ಹೇಳದೆ ಕೇಳದೆ ಮೂರು ದಿನ ತಪ್ಪಿಸಿದರೆ ಕೆಲಸ ಬಿಟ್ಟುಹೋದಂತೆ. ಬಾಗಿಲಿಗೆ ಬೀಗ ಇರಲಿಲ್ಲ. ಎದ್ದು ಹೋದರೆ ಇಪ್ಪತ್ತು, ಇಪ್ಪತ್ತೈದು ವರ್ಷ ನೀರುಪಾಲು, ಹಾಗಾಗಿ ಬೀಗ ಹಾಕುವ ಖರ್ಚೂ ಕಂಪನಿಗೆ ಉಳಿಯಿತು.

ಸುಮ್ಮನೆ ಕೂರುವುದು ಸುಖ ಅಂದುಕೊಂಡವರು ಒಂದು ವಾರ ಕೂತು ನೋಡಬೇಕು. ಮೊದಲ ತಿಂಗಳು ಆರೂ ಜನ ಹರಟಿದರು, ಮ್ಯಾನೇಜರನ ನಡಿಗೆ ಅಣಕಿಸಿ ನಕ್ಕರು. ಎರಡನೆಯ ತಿಂಗಳಲ್ಲಿ ಮಾತು ಮುಗಿಯಿತು. ಮೂರನೆಯ ತಿಂಗಳು ಬಣ್ಣ ಹೊಡೆಯುವವ ಎದ್ದು, ನೇರ ನನ್ನ ಮೇಜಿಗೆ ಬಂದು, "ಕೊಡಿ ಮೇಡಂ ಆ ಕಾಗದ, ತಲೆ ಕೆಟ್ಟುಹೋಗ್ತಿದೆ" ಎಂದು ರಾಜೀನಾಮೆಗೆ ಸಹಿ ಹಾಕಿದ. ಆಮೇಲೆ ಇನ್ನಿಬ್ಬರು ಲೇತ್‌ನವರು. ಆಮೇಲೆ ತಟ್ಟೆ ಬಡಿಯುವವ. ಅವನು ಹೋಗುವಾಗ ಅತ್ತ. ಏಳನೆಯ ತಿಂಗಳಿಗೆ ಉಳಿದವರು ಇಬ್ಬರೇ, ಮುಳ್ಳಣ್ಣ ಮತ್ತು ಪ್ಯಾಕಿಂಗ್ ಅಕ್ಕ.

ಅಕ್ಕ ತಕ್ಕಡಿಗಳನ್ನು ಹುಲ್ಲು, ಕಾಗದ ಸುತ್ತಿ ಪೆಟ್ಟಿಗೆಗೆ ತುಂಬುತ್ತಿದ್ದವಳು. ಇಪ್ಪತ್ತೆರಡು ವರ್ಷದ ಸರ್ವಿಸು, ಬಾಯಿ ಜೋರು, ಮನಸ್ಸು ಬೆಣ್ಣೆ. "ನಾನೇನು ಜಪ್ಪಯ್ಯ ಅಂದ್ರೂ ಏಳಲ್ಲ ಮೇಡಂ, ಹೇಳಿಬಿಡಿ ನಿಮ್ಮ ಸಾಹೇಬ್ರಿಗೆ" ಅನ್ನುತ್ತಿದ್ದಳು. ಮುಳ್ಳಣ್ಣ ಊಟದ ಡಬ್ಬಿಯ ಚಮಚವನ್ನು ಬೆರಳ ತುದಿಯಲ್ಲಿ ಅಡ್ಡ ಇಟ್ಟು, ಅದು ಸಮವಾಗಿ ನಿಲ್ಲುವ ಜಾಗ ಹುಡುಕುತ್ತಾ ಕೂರುತ್ತಿದ್ದರು. ಸಿಕ್ಕಿದರೆ ತೆಗೆದಿಟ್ಟು ಮತ್ತೆ ಮೊದಲಿನಿಂದ.

ಅವರು ಯಾತಕ್ಕೆ ಕಾಯುತ್ತಿದ್ದರು ಎಂಬುದು ನನಗೆ ಗೊತ್ತಿತ್ತು. ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಒಂದು ಮಳಿಗೆ, ಒಂದೇ ಶಟರಿನದು, ಎರಡು ಜನ ನಿಂತರೆ ಮೂರನೆಯವರು ಬೀದಿಯಲ್ಲಿ. ಪರಿಹಾರ ಕೈಗೆ ಬಂದ ದಿನ ಮುಂಗಡ ಕೊಡುತ್ತೇನೆಂದು ಮಳಿಗೆಯವರಿಗೆ ಮಾತು ಕೊಟ್ಟಿದ್ದರು. ಅಲ್ಲಿ ಕೂತು ಹಳೆಯ ತಕ್ಕಡಿ ರಿಪೇರಿ ಮಾಡುವುದು. "ಈ ಬೀದೀಲೇ ನಲವತ್ತು ತಕ್ಕಡಿ ಇವೆ ಮೇಡಂ, ನಾನು ಎಣಿಸಿದೀನಿ" ಎಂದರು ಒಂದು ದಿನ. ಆಮೇಲೆ ಸ್ವಲ್ಪ ತಡೆದು, "ಅದರಲ್ಲಿ ಮೂರೇ ಸರಿ ಇರೋದು" ಅಂದರು.

ಈಗ ಸಹಿಯ ವಿಷಯ. ಹಳೆಯ ವಿಭಾಗದಲ್ಲಿ ಒಂದು ಪದ್ಧತಿ ಇತ್ತು. ಹಾಜರಿ ಪುಸ್ತಕ ಎಂಟೂ ಐದಕ್ಕೆ ಮುಚ್ಚುತ್ತಿತ್ತು, ದೂರದ ಬಸ್ಸು ಎಂಟೂ ಹದಿನೈದಕ್ಕೆ ಬರುತ್ತಿತ್ತು. ಆ ಬಸ್ಸಿನವರ ಸಹಿಯನ್ನು ಮೊದಲು ಬಂದವರು ಹಾಕಿಬಿಡುವುದು. ಅದನ್ನು ಯಾರೂ ಕಳ್ಳತನ ಅಂದುಕೊಂಡಿರಲಿಲ್ಲ. ತಡವಾಗಿ ಬಂದವರು ಸಂಜೆ ಅಷ್ಟು ಹೊತ್ತು ಹೆಚ್ಚು ನಿಂತು ಲೆಕ್ಕ ತೀರಿಸುತ್ತಿದ್ದರು. ಹಳೆಯ ಮೇಸ್ತ್ರಿ ಎಲ್ಲ ನೋಡಿಯೂ ನೋಡದವರಂತೆ ಮೀಸೆ ತಿರುವುತ್ತಿದ್ದರು. ಹತ್ತಿರದ ಮನೆಯ ಮುಳ್ಳಣ್ಣನೇ ದಿನವೂ ಮೊದಲು ಬರುತ್ತಿದ್ದದ್ದರಿಂದ, ಹನ್ನೊಂದು ಜನರ ಸಹಿ ಅವರ ಬೆರಳಲ್ಲಿತ್ತು. ಒಬ್ಬರ ಸಹಿಯನ್ನು ಇನ್ನೊಬ್ಬರು ಹಾಕುವುದು ಆ ವಿಭಾಗದಲ್ಲಿ ಒಬ್ಬರ ಡಬ್ಬಿಯಿಂದ ಇನ್ನೊಬ್ಬರು ತಿಂದಷ್ಟೇ ಸಹಜವಾಗಿತ್ತು.

ಹತ್ತನೆಯ ತಿಂಗಳಲ್ಲಿ ಅಕ್ಕನ ಮಗಳು ಚೊಚ್ಚಲ ಹೆರಿಗೆಗೆ ಆಸ್ಪತ್ರೆ ಸೇರಿದಳು. ರಕ್ತ ಕಡಿಮೆ ಇದೆ, ಜೊತೆಗೆ ಯಾರಾದರೂ ಇರಲೇಬೇಕು ಅಂದರಂತೆ. ಅಳಿಯನಿಗೆ ರಾತ್ರಿ ಪಾಳಿ, ಅವನು ಆಸ್ಪತ್ರೆ ಮುಟ್ಟುವಾಗ ಬೆಳಿಗ್ಗೆ ಒಂಬತ್ತೂವರೆ. ಅಕ್ಕ ಒಂದು ವಾರದ ರಜೆಗೆ ಅರ್ಜಿ ಬರೆದಳು. ಮ್ಯಾನೇಜರ್ ಅದರ ಮೇಲೆ ಗೀಚಿದ್ದನ್ನು ನಾನು ಟೈಪ್ ಮಾಡಿದೆ: "ಕೆಲಸದ ಒತ್ತಡವಿರುವುದರಿಂದ ರಜೆ ಮಂಜೂರು ಮಾಡಲಾಗುವುದಿಲ್ಲ."

ಕೆಲಸದ ಒತ್ತಡ! ಹತ್ತು ತಿಂಗಳಿಂದ ಪೈಪು ನೋಡುತ್ತಾ ಕೂತವಳಿಗೆ! ಕಾಗದ ಓದಿದ ಅಕ್ಕ ಮೊದಲು ನಕ್ಕಳು, ಆಮೇಲೆ ಕೋಣೆಯ ಮೂಲೆಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ನಿಂತಳು. ಮುಳ್ಳಣ್ಣ ಚಮಚ ಕೆಳಗಿಟ್ಟು ಹೇಳಿದರು: "ಅಳಿಯ ಬಂದ್ಮೇಲೇ ಆಸ್ಪತ್ರೆಯಿಂದ ಹೊರಡಮ್ಮ. ಬೆಳಗಿನ ಹಾಜರಿ ಮೇಡಂ ನೋಡ್ಕೋತಾರೆ. ನಾನು ಅವರ ಹತ್ರ ಮಾತಾಡಿದೀನಿ."

ಅವರು ನನ್ನ ಹತ್ತಿರ ಮಾತಾಡಿರಲಿಲ್ಲ. ನಾನು ಅಲ್ಲೇ ಬಾಗಿಲಲ್ಲಿ ನಿಂತಿದ್ದೆ. ಅಕ್ಕ ತಿರುಗಿ ನೋಡಿ ನನಗೆ ಕೈಮುಗಿದಳು. ನಾನು ಏನೋ ಕೆಲಸ ನೆನಪಾದವಳಂತೆ ನನ್ನ ಮೇಜಿಗೆ ವಾಪಸು ಬಂದೆ. ನನ್ನದೂ ವರ್ಷಕ್ಕೊಮ್ಮೆ ನವೀಕರಿಸುವ ಕರಾರಿನ ನೌಕರಿ. ಮನೆಯಲ್ಲಿ ಅತ್ತೆ, ಇಬ್ಬರು ಮಕ್ಕಳು. ಗಂಡ ತೀರಿಕೊಂಡು ಆರು ವರ್ಷ.

ನಾನು ಬೆಳಿಗ್ಗೆ ಪುಸ್ತಕವನ್ನು ಕೋಣೆಯ ಸ್ಟೂಲಿನ ಮೇಲೆ ಇಟ್ಟು, ಗೇಟಿಗೆ ಹೋಗಿ, ಹತ್ತು ನಿಮಿಷ ಬಿಟ್ಟು ಬಂದು ಒಯ್ಯುತ್ತಿದ್ದೆ. ಮಾರನೆಯ ದಿನ ಬಂದು ನೋಡಿದರೆ ಎರಡೂ ಸಹಿ ಇದ್ದವು, ಒಂದು ಕುರ್ಚಿ ಖಾಲಿ ಇತ್ತು. ಅಕ್ಕನ ಸಹಿಯ ಕೊನೆಯ ಸುಳಿ ಕೂಡ ಹಾಗೇ ಇತ್ತು. ನಾನು ಮುಳ್ಳಣ್ಣನ ಮುಖ ನೋಡಿದೆ, ಅವರು ಪೈಪಿನ ಮುಖ ನೋಡಿದರು. ನಿಜ ಹೇಳುತ್ತೇನೆ, ನನಗೆ ಒಳಗೊಳಗೇ ಖುಷಿಯಾಯಿತು. ಪುಸ್ತಕ ಮುಚ್ಚಿ ಕಂಕುಳಲ್ಲಿಟ್ಟುಕೊಂಡು ಬಂದೆ. ನಾಲ್ಕು ದಿನ ಹೀಗೇ ನಡೆಯಿತು, ಅಕ್ಕ ಹತ್ತರ ಮೇಲೆ ಬಂದು ಕೂರುತ್ತಿದ್ದಳು.

ಗೇಟಿನಲ್ಲಿ ಇನ್ನೊಂದು ಪುಸ್ತಕ ಇದೆ, ಯಾರು ಎಷ್ಟು ಹೊತ್ತಿಗೆ ಒಳಗೆ ಬಂದರು ಎಂದು ಕಾವಲುಗಾರ ಬರೆಯುವುದು. ಹತ್ತು ತಿಂಗಳಲ್ಲಿ ಮ್ಯಾನೇಜರ್ ಅದನ್ನು ಕಣ್ಣೆತ್ತಿ ನೋಡಿರಲಿಲ್ಲ. ನಾಲ್ಕನೆಯ ಸಂಜೆ ಎರಡೂ ಪುಸ್ತಕ ಕೇಳಿದ. ತೆಗೆದುಕೊಂಡು ಹೋಗಿ ಅವನ ಮೇಜಿನ ಮೇಲೆ ಇಟ್ಟವಳು ನಾನೇ. ಅವನು ನೋಡಿ ಹಾಗೇ ಹಿಂದಿರುಗಿಸಿದ. ಐದನೆಯ ಬೆಳಿಗ್ಗೆ ನಾನು ಗೇಟಿನಿಂದ ಬರುವಷ್ಟರಲ್ಲಿ ಅವನು ಕೋಣೆಯಲ್ಲಿದ್ದ, ತೆರೆದ ಪುಸ್ತಕದ ಮುಂದೆ, ಖಾಲಿ ಕುರ್ಚಿಯ ಬೆನ್ನಿಗೆ ಕೈ ಊರಿಕೊಂಡು. ನಮ್ಮಿಬ್ಬರನ್ನೂ ತನ್ನ ಕ್ಯಾಬಿನ್ನಿಗೆ ಬರಹೇಳಿದ.

"ಕೂತ್ಕೊಳ್ಳಿ," ಅಂದ. ನಾವು ಕೂತೆವು. ದನಿ ಬೆಣ್ಣೆ ಸವರಿದ ಹಾಗಿತ್ತು. "ಆ ಹೆಂಗಸು ಬಂದಿಲ್ಲ, ಸಹಿ ಬಂದಿದೆ. ಪುಸ್ತಕ ಇದ್ದದ್ದು ನಿಮ್ಮಿಬ್ಬರ ಕೈಯಲ್ಲಿ. ಯಾರು ಹಾಕಿದ್ದು? ನೀವಾ, ಇಲ್ಲ ಈ ಮೇಡಂ ಅವರಾ?"

"ನಾನೇ" ಎಂದರು ಮುಳ್ಳಣ್ಣ.

ಅವರು ಕಾಯಲಿಲ್ಲ. ಪ್ರಶ್ನೆ ಪೂರ್ತಿ ಮುಗಿಯುವ ಮುಂಚೆಯೇ ಹೇಳಿಬಿಟ್ಟರು. ಅವರು ಹಾಗೆ ಉತ್ತರ ಕೊಟ್ಟದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಮ್ಯಾನೇಜರ್ ತಲೆದೂಗಿದ. ಖಾಲಿ ಕಾಗದವೊಂದನ್ನು ಮುಂದಕ್ಕೆ ತಳ್ಳಿದ. "ಸುಳ್ಳು ಹಾಜರಿ. ಇದಕ್ಕೆ ನಿಮ್ಮನ್ನೂ ಆ ಹೆಂಗಸನ್ನೂ ಇವತ್ತೇ ವಜಾ ಮಾಡಬಹುದು. ನಿಮಗೂ ಒಂದು ಬಿಡಿಗಾಸಿಲ್ಲ, ಆಕೆಗೂ ಇಲ್ಲ. ನನಗೆ ಅದು ಇಷ್ಟ ಇಲ್ಲ. ನೀವು ರಾಜೀನಾಮೆ ಬರೆದುಕೊಡಿ, ಈ ಪುಟ ನಾನು ನೋಡೇ ಇಲ್ಲ ಅಂದುಕೊಳ್ತೀನಿ. ಆಕೆ ತಂಟೆಗೆ ಬರಲ್ಲ."

ಮುಳ್ಳಣ್ಣ ಆ ಕಾಗದವನ್ನೇ ನೋಡುತ್ತಾ ಕೂತರು. ಮ್ಯಾನೇಜರ್ ಪೆನ್ನಿನ ಮುಚ್ಚಳ ತೆಗೆದ, ಹಾಕಿದ, ಮತ್ತೆ ತೆಗೆದ. ಮುಳ್ಳಣ್ಣ ಅವನ ಕಡೆ ನೋಡಲೇ ಇಲ್ಲ. ನಿಧಾನವಾಗಿ ನನ್ನ ಕಡೆ ತಿರುಗಿ ಕೇಳಿದರು: "ಹೌದಾ ಮೇಡಂ? ಹಾಗೆ ಮಾಡಬಹುದಾ ಇವರು?"

ಮಾಡಬಹುದಿರಲಿಲ್ಲ. ಅದು ನನಗೆ ಗೊತ್ತಿತ್ತು. ಮೊದಲು ತಪ್ಪು ಏನೆಂದು ಬರೆದು ಕೊಡಬೇಕು, ಉತ್ತರಕ್ಕೆ ಸಮಯ ಕೊಡಬೇಕು, ವಿಚಾರಣೆ ನಡೆಸಬೇಕು, ಅವರ ಪರವಾಗಿ ಮಾತಾಡಲು ಒಬ್ಬರನ್ನು ಕರೆತರಲು ಬಿಡಬೇಕು. ಇಪ್ಪತ್ತೇಳು ವರ್ಷದಲ್ಲಿ ಒಂದು ಕಪ್ಪು ಚುಕ್ಕೆ ಇಲ್ಲದವರನ್ನು ಇದೊಂದಕ್ಕೆ ವಜಾ ಮಾಡಿದರೆ ಎಲ್ಲಿಯೂ ನಿಲ್ಲುತ್ತಿರಲಿಲ್ಲ. ಅಕ್ಕನಂತೂ ತನ್ನ ಕೈಯಿಂದ ಒಂದು ಗೆರೆ ಕೂಡ ಎಳೆದಿರಲಿಲ್ಲ. ಆ ನಿಯಮದ ಪುಸ್ತಕದ ಧೂಳು ಒರೆಸುವವಳೇ ನಾನು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಮೇಜಿನ ಮೇಲೆ, ಗಾಜಿನ ಗುಂಡಿನ ಅಡಿಯಲ್ಲಿ, ನನ್ನ ಕರಾರಿನ ನವೀಕರಣದ ಕಾಗದ ಇತ್ತು. ಸಹಿಯ ಜಾಗ ಖಾಲಿ ಇತ್ತು. ಮ್ಯಾನೇಜರ್ ನನ್ನನ್ನು ನೋಡುತ್ತಿರಲಿಲ್ಲ, ಆ ಗುಂಡನ್ನು ಬೆರಳಿನಿಂದ ಮೆಲ್ಲಗೆ ಉರುಳಿಸುತ್ತಿದ್ದ.

"ಸಾಹೇಬ್ರು ಹೇಳಿದ್ಮೇಲೆ..." ಅಂದೆ. ಅಷ್ಟೇ ಅಂದೆ.

ಮುಳ್ಳಣ್ಣ ಪೆನ್ನು ತೆಗೆದುಕೊಂಡರು. "ಸ್ವಂತ ಇಚ್ಛೆಯಿಂದ" ಎಂದು ಬರೆಯಬೇಕೆಂದು ಅವನು ಹೇಳಿಕೊಟ್ಟ. ಬರೆದರು, ಕಾಗದವನ್ನು ಮೇಜಿನ ಅಂಚಿಗೆ ಸರಿಯಾಗಿ ಹೊಂದಿಸಿ ಇಟ್ಟರು. ಹೊರಗೆ ಬಂದ ಮೇಲೆ ನನಗೆ ಒಂದೇ ಮಾತು ಹೇಳಿದರು: "ಆಯಮ್ಮನಿಗೆ ಹೇಳಬೇಡಿ ಮೇಡಂ. ಆಸ್ಪತ್ರೆಗೆ ಓಡಾಡೋದೇ ಸಾಕಾಗಿದೆ ಅವಳಿಗೆ. ಇದೂ ಗೊತ್ತಾದ್ರೆ ಬಂದು ಜಗಳ ಮಾಡಿ, ಇರೋದನ್ನೂ ಕಳ್ಕೋತಾಳೆ." ಊಟದ ಡಬ್ಬಿ ತೆಗೆದುಕೊಂಡು, ಒಂಬತ್ತು ಗಂಟೆಗೆ ಮುಂಚೆಯೇ ಗೇಟು ದಾಟಿ ಹೋದರು. ಬೆಳಗಿನ ಬಿಸಿಲಿನಲ್ಲಿ ಅವರನ್ನು ಆ ರಸ್ತೆಯಲ್ಲಿ ನೋಡಿ ಕಾವಲುಗಾರನಿಗೇ ಆಶ್ಚರ್ಯವಾಯಿತಂತೆ.

ಇನ್ನೂ ಒಂದು ದಾರಿ ಇತ್ತು, ಅದೂ ನನಗೆ ಗೊತ್ತಿತ್ತು. ಕಂಪನಿ ಬರವಣಿಗೆಯಲ್ಲಿ ಒಪ್ಪಿಕೊಳ್ಳುವ ತನಕ ರಾಜೀನಾಮೆಯನ್ನು ಹಿಂದಕ್ಕೆ ಪಡೆಯಬಹುದು. ಒಪ್ಪಿಗೆ ಕೊಡಬೇಕಾದ ದೊಡ್ಡ ಸಾಹೇಬರು ಊರಿನಲ್ಲಿರಲಿಲ್ಲ, ಅವರ ಸಹಿಗೆ ಮೂರು ದಿನ ಕಾಯಬೇಕಿತ್ತು. ಎರಡು ಸಾಲಿನ ಒಂದು ಪತ್ರ ಸಾಕಿತ್ತು.

ಎರಡನೆಯ ದಿನ ಸಂಜೆ ಅವರ ಮನೆಗೆ ಹೋದೆ. ದಾರಿಯುದ್ದಕ್ಕೂ ಆ ಎರಡು ಸಾಲನ್ನು ಮನಸ್ಸಿನಲ್ಲೇ ಟೈಪ್ ಮಾಡಿಕೊಂಡು ಹೋದೆ. ಮುಳ್ಳಣ್ಣ ಹೊಸ್ತಿಲ ಹತ್ತಿರ ಕೂತು ಯಾರದೋ ಮುರಿದ ತಕ್ಕಡಿಯ ಸರಪಳಿ ಬಿಡಿಸುತ್ತಿದ್ದರು. "ಬನ್ನಿ ಮೇಡಂ" ಎಂದು ಎದ್ದು ನಿಂತರು. ಅವರ ಹೆಂಡತಿ ಟೀ ತಂದುಕೊಟ್ಟು, "ಇವರು ಕೂತು ಕೂತು ಸಾಕಾಯ್ತು ಅಂತ ಬಿಟ್ಟುಬಂದ್ರಂತೆ. ಯಾವತ್ತೂ ದುಡುಕದ ಮನುಷ್ಯ. ಈಗ ನೋಡಿ!" ಎಂದು ನಗಲು ನೋಡಿದರು. ನಗು ಅರ್ಧಕ್ಕೇ ನಿಂತಿತು. ನಾನು ಟೀ ಕುಡಿದೆ. ನನ್ನ ಮಕ್ಕಳ ಓದಿನ ವಿಷಯ ಹೇಳಿದೆ. ಮಳೆ ಬರುವ ಹಾಗಿದೆ ಅಂದೆ. ಪತ್ರ ಬರೆಸಿದ್ದು ಯಾರೆಂದು ಗೊತ್ತಾದರೆ ಎಂಬ ಒಂದೇ ಹೆದರಿಕೆ ನನಗೆ. ಲೋಟ ಕೆಳಗಿಟ್ಟು ಎದ್ದು ಬಂದೆ. ಮುಳ್ಳಣ್ಣ ಓಣಿಯ ತಿರುವಿನ ತನಕ ಜೊತೆಗೆ ನಡೆದು ಬಂದರು. ನಾನು ಏನೋ ಹೇಳಲಿಕ್ಕೆಂದೇ ಬಂದಿದ್ದೇನೆ ಎಂದು ಅವರಿಗೆ ತಿಳಿದಿರಬೇಕು. ಕಾದರು. ಅವರಷ್ಟು ಚೆನ್ನಾಗಿ ಕಾಯುವವರು ಯಾರಿದ್ದಾರೆ? ನಾನು ಬರುತ್ತೇನೆ ಎಂದು ಹೇಳಿ ಬಸ್ಸು ಹತ್ತಿದೆ.

ಮಾರನೆಯ ದಿನ "ನಿಮ್ಮ ರಾಜೀನಾಮೆಯನ್ನು ಸ್ವೀಕರಿಸಲಾಗಿದೆ" ಎಂದು ಟೈಪ್ ಮಾಡಿದೆ. ಅದೇ ದಿನ ನನ್ನ ಕರಾರು ನವೀಕರಣವಾಯಿತು.

ಅಕ್ಕ ಒಬ್ಬಳೇ ಆ ಕೋಣೆಯಲ್ಲಿ ಏಳು ವಾರ ಕೂತಳು. ಐದನೆಯ ದಿನವೇ ಮಗಳಿಗೆ ಗಂಡುಮಗು ಹುಟ್ಟಿತ್ತು, ಆರನೆಯ ದಿನದಿಂದ ಅಳಿಯ ರಜೆ ಹಾಕಿದ್ದರಿಂದ ಅವಳು ಎಂಟಕ್ಕೇ ಬರುತ್ತಿದ್ದಳು. ಆಮೇಲೆ ಯಾರೋ ದೂರು ಬರೆದಿದ್ದರೆಂದು ಕಾರ್ಮಿಕ ಇಲಾಖೆಯಿಂದ ಒಬ್ಬರು ಬಂದು, ಕೋಣೆ ನೋಡಿ, ನಾನು ಅಂಟಿಸಿದ ನಿಯಮಗಳನ್ನು ಬರೆದುಕೊಂಡು ಹೋದರು. ಮರುವಾರವೇ ಮ್ಯಾನೇಜರ್ ಅಕ್ಕನ ನೋಟಿಸು ಟೈಪ್ ಮಾಡಲು ಹೇಳಿದ: ಹಳೆಯ ವಿಭಾಗ ಮುಚ್ಚಿದೆ, ತಿಂಗಳ ನೋಟಿಸು, ಇಪ್ಪತ್ತೆರಡು ವರ್ಷದ ಪರಿಹಾರ, ಮುಂದೆ ಆಳು ಬೇಕಾದಾಗ ಮೊದಲ ಕರೆ. ಒಂದಕ್ಷರವೂ ಕಡಿಮೆ ಮಾಡುವಂತಿರಲಿಲ್ಲ. ಕೋಣೆಯಲ್ಲಿ ಇನ್ನೊಂದು ಕುರ್ಚಿಯ ಮೇಲೆ ಮುಳ್ಳಣ್ಣ ಇದ್ದಿದ್ದರೆ ಅವರದನ್ನೂ ಅದೇ ದಿನ ಟೈಪ್ ಮಾಡುತ್ತಿದ್ದೆ.

ಅವರ ಮಳಿಗೆ ಆಗಲೇ ಬೇರೆಯವರ ಪಾಲಾಗಿತ್ತು. ಈಗ ಅಲ್ಲಿ ಮೊಬೈಲ್ ಕವರ್ ಮಾರುತ್ತಾರೆ. ಮುಳ್ಳಣ್ಣ ಒಂದು ಗೋದಾಮಿನ ಕಾವಲಿಗೆ ಸೇರಿದ್ದಾರೆ. ಹನ್ನೆರಡು ಗಂಟೆ ಒಂದು ಕುರ್ಚಿಯ ಮೇಲೆ ಕೂರುವ ಕೆಲಸ. ಒಮ್ಮೆ ಬಸ್ಸಿನಿಂದ ನೋಡಿದೆ. ಅವರು ನನ್ನನ್ನು ಕಂಡರೋ ಇಲ್ಲವೋ. ನಾನು ತಲೆ ತಗ್ಗಿಸಿದೆ.

ಕೊನೆಯ ದಿನ ಪರಿಹಾರದ ಚೆಕ್ಕು ತೆಗೆದುಕೊಳ್ಳಲು ಅಕ್ಕ ನನ್ನ ಮೇಜಿಗೆ ಬಂದಳು. ಒಳ್ಳೆಯ ಸೀರೆ ಉಟ್ಟಿದ್ದಳು. ಕೂತವಳೇ ನನ್ನ ಎರಡೂ ಕೈ ಹಿಡಿದುಕೊಂಡಳು.

"ಮೇಡಂ, ನಿಮ್ಮ ಉಪಕಾರ ನಾನು ಸಾಯೋತನಕ ಮರೆಯಲ್ಲ. ಆ ಐದು ದಿನ ನೀವು ನನ್ನ ಹಾಜರಿ ನೋಡ್ಕೊಳ್ದೆ ಇದ್ದಿದ್ರೆ ಇವತ್ತು ನಾನು ಬರಿಗೈಲಿ ಹೋಗ್ತಿದ್ದೆ. ಮೊಮ್ಮಗೂಗೆ ದಿನಾ ಹೇಳ್ತೀನಿ ನಿಮ್ಮ ವಿಷಯ."

ನಾನು ಪುಸ್ತಕದ ಪುಟ ಹುಡುಕುವ ನೆಪದಲ್ಲಿ ಕೈ ಬಿಡಿಸಿಕೊಂಡೆ.

"ಆ ಅಣ್ಣ ನೋಡಿ," ಅಂದಳು ಅಕ್ಕ, ದನಿ ಏರಿಸಿ. "ಹತ್ತು ತಿಂಗಳು ಜೊತೆಗೆ ಕೂತವ್ನು, ನಾನು ಆಸ್ಪತ್ರೇಲಿ ಒದ್ದಾಡ್ತಿದ್ದಾಗ ಒಂದು ಮಾತೂ ಹೇಳ್ದೆ ಎದ್ದುಹೋದ. ಇನ್ನೊಂದು ಏಳೆಂಟು ವಾರ ತಡ್ಕೊಳ್ಳೋಕೆ ಆಗ್ಲಿಲ್ವಾ? ಮೊನ್ನೆ ದಾರೀಲಿ ಸಿಕ್ಕಿದ್ದ. ನಾನು ಮಾತಾಡಿಸಲಿಲ್ಲ. ಯಾಕೆ ಮಾತಾಡಿಸ್ಬೇಕು ಹೇಳಿ? ತಾಳ್ಮೆ ಇಲ್ಲದ ಮನುಷ್ಯ."

"ಇಲ್ಲಿ ಸಹಿ ಹಾಕಿ ಅಕ್ಕ," ಅಂದೆ.

ಅವಳು ಬಗ್ಗಿ, ನಿಧಾನವಾಗಿ, ಕೊನೆಯ ಸುಳಿಯನ್ನು ಜಾಗ್ರತೆಯಿಂದ ಎಳೆದು ಸಹಿ ಹಾಕಿದಳು. ನಾನು ಅದನ್ನೇ ನೋಡುತ್ತಾ ಕೂತೆ. ಮುಳ್ಳಣ್ಣ ಹಾಕಿದ್ದೂ ಹೀಗೇ ಇತ್ತು.

"ಯಾಕೆ ಮೇಡಂ, ಸರಿ ಇಲ್ವಾ?" ಎಂದು ಕೇಳಿದಳು.

"ಸರಿ ಇದೆ" ಅಂದೆ. ಚೆಕ್ಕು ಕೊಟ್ಟು ಪುಸ್ತಕ ಮುಚ್ಚಿದೆ.